ಹಳದಿ ಗೆರೆ

ಅತ್ತಿಗುಪ್ಪೆಯ ಒಂದು ಗಲ್ಲಿಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡುತ್ತಿದ್ದ ಮೆಕ್ಯಾನಿಕ್, ಓಡಿಸುವವರನ್ನು ಸೀಟಿನಲ್ಲಿ ಕೂರಿಸದೆ ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಟೀ ಕುಡಿದು ಬರುತ್ತೇನೆಂದು ಹೊರಟವರನ್ನೂ ತಡೆಯುತ್ತಿದ್ದರು. "ಕೂತ್ಕೊಳ್ಳಿ. ಖಾಲಿ ಗಾಡಿಗೆ ನಾನು ಅಳತೆ ತೆಗೆಯಲ್ಲ." ನನಗೆ ಅದು ಅತಿಯೆನಿಸುತ್ತಿತ್ತು.

ಅಪ್ಪನ ಕಾರಿನ ಮುಂದಿನ ಚಕ್ರಗಳ ವಾಲಿಕೆ ತಿದ್ದಲು ತಿರುಗಿಸಿ ಹೊಂದಿಸಬಹುದಾದ ಬೇರೆ ಬೋಲ್ಟುಗಳನ್ನು ತರಿಸಿ ಹಾಕಿದವರು ಅವರೇ. ಅಪ್ಪ ಭಾರೀ ಆಳು. ಕೂತರೆ ಕಾರು ಬಲಕ್ಕೆ ಒಂದಿಷ್ಟು ತಗ್ಗುತ್ತಿತ್ತು. ಅಳತೆ ಸರಿಹೊಂದಿದ ಮೇಲೆ ಮೆಕ್ಯಾನಿಕ್ ಬೋಲ್ಟಿನ ಪಕ್ಕ ಗುರುತಿಗೆ ಹಳದಿ ಬಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಮರುಸಲ ತಿದ್ದಿದಾಗ ಹಳೆಯ ಗೆರೆಯನ್ನು ಪೆಟ್ರೋಲ್ ಬಟ್ಟೆಯಿಂದ ಪೂರ್ತಿ ಒರೆಸಿಬಿಡುತ್ತಿದ್ದರು. ಎರಡು ಗೆರೆ ಇದ್ದರೆ ಮುಂದೆ ಕೈಹಾಕುವವನು ಎಡವುತ್ತಾನೆ ಎನ್ನುತ್ತಿದ್ದರು.

ಅಪ್ಪ ಹೋದ ಮೇಲೆ ಕಾರು ನನ್ನ ಕೈಯಲ್ಲಿ ಯಾಕೋ ಬಲಕ್ಕೆ ಎಳೆಯತೊಡಗಿತು. ಅವರ ಬಳಿಗೇ ಒಯ್ದೆ. ಕಾರಿನಡಿ ತೂರಿ ಟಾರ್ಚ್ ಬಿಟ್ಟು ನೋಡಿದರು.

"ಬೋಲ್ಟ್ ಇಟ್ಟಲ್ಲೇ ಇದೆಯಮ್ಮ. ಸಾಹೇಬ್ರು ಬರ್ಲಿಲ್ವಾ?"

"ತೀರ್ಕೊಂಡ್ರು," ಎಂದೆ.

ಟಾರ್ಚ್ ಆರಿಸಿ ಕಾರಿನಡಿಯಿಂದ ಹೊರಬಂದರು. ಆಮೇಲೆ ಹೇಳಿದರು: "ಗಾಡಿ ಇನ್ನೂ ಅವ್ರ ತೂಕಕ್ಕೇ ನಿಂತಿದೆ. ನೀವು ಕೂತ್ಕೊಳ್ಳಿ."

ಕೂತೆ. ಅವರು ಬೋಲ್ಟ್ ತಿರುಗಿಸಿ ಅಳತೆ ನೋಡಿದರು, ಮತ್ತೆ ಚೂರೇ ಚೂರು ತಿರುಗಿಸಿದರು. ಮುಗಿದ ಮೇಲೆ ನಾನೂ ಇಳಿದು ಬಗ್ಗಿ ನೋಡಿದೆ. ನನ್ನ ಗೆರೆ ಇನ್ನೂ ಹಸಿಯಾಗಿತ್ತು. ಒರೆಸುವ ಬಟ್ಟೆ ಅವರ ಹೆಗಲ ಮೇಲೇ ಇತ್ತು. ಅಪ್ಪನ ಗೆರೆಯೂ ಅಲ್ಲೇ ಇತ್ತು.