ಹೋಲ್ಡಾನ್ ಎಂದು ಕೂಗಿದ ಸಂಜೆ

ನಾನು ಬರೆದು ಪಳಗಿದವಳಲ್ಲ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದ ಮೊದಲಿಗಳು ನಾನೇ ಆದುದರಿಂದ ತಿದ್ದಿ ಹೇಳುವ ಹಿರಿಯರೂ ಇರಲಿಲ್ಲ. ಮಾತು ಎಲ್ಲಾದರೂ ತಪ್ಪಿದ್ದರೆ ಓದುಗರು ಮನ್ನಿಸಬೇಕು. ಆದರೆ ಬಸ್ಸಿನ ಸೀಟಿ ಕಿವಿಗೆ ಬಿದ್ದಾಗಲೆಲ್ಲ ಗೆಳತಿ ರೇಣುಕಾ ನೆನಪಾಗುತ್ತಾಳೆ; ಬರೆಯದೆ ಇರಲಾಗದು.

ಅದಿರಿನ ಲಾರಿಗಳು ಸಂಡೂರಿನ ರಸ್ತೆಯನ್ನು ಹಗಲಿರುಳೂ ತುಂಬಿದ್ದ ಕಾಲವದು. ಹೊಸಪೇಟೆಯ ಹೈಸ್ಕೂಲಿನಿಂದ ಸಂಜೆಯ ಬಸ್ಸಿನಲ್ಲಿ ನಾವಿಬ್ಬರೂ ಮರಳುತ್ತಿದ್ದೆವು. ನನ್ನ ನಿಲ್ದಾಣವೆಂದರೆ ಒಂದು ಹುಣಸೆಮರ ಅಷ್ಟೇ; ಕೇಳಿದರೆ ಮಾತ್ರ ಬಸ್ಸು ನಿಲ್ಲುತ್ತಿತ್ತು. ಅಷ್ಟು ಜನರ ನಡುವೆ ದನಿಯೆತ್ತಲು ನನಗೆ ನಾಚಿಕೆಯಾಗುತ್ತಿತ್ತು. ಮುಂದಿನ ಊರಿನವಳಾದ ರೇಣುಕಾಳೇ ದಿನವೂ ನನಗಾಗಿ, "ಹೋಲ್ಡಾನ್ ರೀ! ನಮ್ಮ ಗಿರಿಜಾ ಇಳೀಬೇಕು" ಎಂದು ಕೂಗುತ್ತಿದ್ದಳು. ಅವಳು ಜ್ವರ ಬಂದು ಮಲಗಿದ ದಿನ ಹುಣಸೆಮರ ನನ್ನ ಕಣ್ಣೆದುರೇ ಹಿಂದೆ ಸರಿಯಿತು. ಅವಳ ಊರಿನಲ್ಲಿ ಇಳಿದು, ಲಾರಿಗಳ ಧೂಳಿನಲ್ಲಿ ಹಿಂದಕ್ಕೆ ನಡೆದು ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚಿದ್ದರು. ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಇನ್ನೊಮ್ಮೆ ಹಿಂಗಾದ್ರ ಸಾಲಿ ಬ್ಯಾಡ, ಮನ್ಯಾಗ ಇರು" ಎಂದರು. ಅಪ್ಪ ಆಡಿದ ಮಾತಿಗೆ ತಪ್ಪುವವರಲ್ಲ.

ಸಂಗತಿ ತಿಳಿದ ರೇಣುಕಾ, ಜ್ವರ ಬಿಟ್ಟ ಮೇಲೆ ಭಾನುವಾರ ನನ್ನನ್ನು ಮನೆಗೆ ಕರೆಸಿಕೊಂಡಳು. ಆ ಮನೆಯನ್ನು ಹೇಗೆ ವರ್ಣಿಸಲಿ? ತಗಡಿನ ಮಾಡು, ಧೂಳಿಗೆ ಕೆಂಪಾಗಿದ್ದ ಬಿಳಿಯ ಹುಂಜ, ಮೆಣಸಿನಕಾಯಿ ಬಜ್ಜಿಯ ಘಮ, ಎಲ್ಲರೂ ಒಟ್ಟಿಗೇ ಮಾತಾಡುವ ಗದ್ದಲ. ಮೆಲ್ಲಗೆ ಕೇಳಿದವರಿಗೆ ಅಲ್ಲಿ ಬಜ್ಜಿ ಸಿಗುತ್ತಿರಲಿಲ್ಲ. ಅಂಗಳದಲ್ಲಿದ್ದ ಹಗ್ಗದ ಮಂಚ, ಆ ಹೊರಸೇ ಬಸ್ಸಾಯಿತು. ರೇಣುಕಾಳ ಅವ್ವ ಮುಂದೆ ಕುಳಿತು, ಊಟದ ತಟ್ಟೆಯನ್ನು ಸ್ಟೇರಿಂಗಿನಂತೆ ತಿರುಗಿಸುತ್ತ, "ನಾ ಡ್ರೈವರ್, ನಂಗ ಕಿವಿ ಕೇಳ್ಸಂಗಿಲ್ಲವ್ವಾ!" ಎಂದರು. ನಾನು ಏನೋ ಗೊಣಗಿದೆ.

"ಲೇ, ಇರುವಿಗೆ ಹೇಳ್ತೀಯೇನು? ಡ್ರೈವರ್ಗೆ ಹೇಳು!" ಎಂದು ರೇಣುಕಾ ಬೆನ್ನಿಗೆ ಗುದ್ದಿದಳು. ಆ ಗುದ್ದಿಗೆ ಹೊರಟ ಕೂಗಿಗೆ ಹುಂಜ ಹಾರಿ ಮಾಡು ಸೇರಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಮರುದಿನ ಬಸ್ಸಿನಲ್ಲಿ ರೇಣುಕಾ ತುಟಿ ಬಿಗಿಹಿಡಿದು ಕಿಟಕಿಯಾಚೆ ನೋಡುತ್ತ ಕುಳಿತಳು. ಅವಳ ಕೈ ಮಾತ್ರ ನನ್ನ ಕೈಯನ್ನು ಹಿಡಿದಿತ್ತು. ಹುಣಸೆಮರ ಕಂಡಿತು. "ಹೋಲ್ಡಾನ್!" ಎಂದೆ. ಬ್ರೇಕು ಕಿರುಚಿತು.

"ಏನ್ ದನಿಯವ್ವಾ ನಿಂದು! ಹಿಂದಿನ ಲಾರಿಗೋಳೂ ನಿಂತ್ವು ನೋಡು" ಎಂದು ಕಂಡಕ್ಟರು ನಕ್ಕರು.

ಗಣಿಗಳು ನಿಂತ ಮೇಲೆ ರೇಣುಕಾಳ ಮನೆಯವರು ಕೆಲಸ ಅರಸಿ ಊರು ಬಿಟ್ಟರು. ತಗಡು ಕಿತ್ತ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಅವಳು ಎಲ್ಲಿದ್ದಾಳೋ ತಿಳಿಯದು. ನಮ್ಮ ಮನೆಯಲ್ಲಿ ಆದ ಬದಲಾವಣೆ ಇಷ್ಟು: ಅಪ್ಪ ಮತ್ತೆಂದೂ ಶಾಲೆ ಬಿಡಿಸುವ ಮಾತೆತ್ತಲಿಲ್ಲ. ನಾನು ಪದವಿ ಮುಗಿಸಿದೆ. ತಂಗಿಯರಿಬ್ಬರೂ ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋದರು. ಹುಣಸೆಮರದ ಬಳಿ ಕೂಗುವುದನ್ನು ಅವರಿಗೆ ನಾನೇ ಕಲಿಸಿದೆ, ಹೊರಸಿನ ಮೇಲೆ ಕೂಡಿಸಿಕೊಂಡು.