ಹನ್ನೆರಡು ಚೀಲ ಹತ್ತಿ, ಒಂದು ಲಾಡಿ

ಅವಳಿಗೆ ಹೆತ್ತವರಿಟ್ಟ ಹೆಸರೊಂದು ಇತ್ತು. ಅದನ್ನು ಬಳಸಿದವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವಳು ಹಿಂಜಮ್ಮ. ಯಾವ ಮಾತು ಸಿಕ್ಕರೂ ಹತ್ತಿಯ ಹಾಗೆ ಎಳೆ ಎಳೆಯಾಗಿ ಹಿಂಜಿ, ಅದು ಕೋಣೆಯ ತುಂಬ ಹಾರಾಡುವವರೆಗೆ ಬಿಡುವವಳಲ್ಲ. ಬೆಳಿಗ್ಗೆ ಹಾಲು ತೆಳ್ಳಗಿದೆ ಎಂದು ಶುರುವಾದ ಮಾತು ಮಧ್ಯಾಹ್ನದ ಹೊತ್ತಿಗೆ ಹಾಲಿನವನ ಅಜ್ಜನ ನಡತೆಯವರೆಗೆ ತಲುಪಿರುತ್ತಿತ್ತು. ಯಜಮಾನರು ಎಂಬ ಬಿರುದನ್ನು ಮಾತ್ರ ಹೊತ್ತಿದ್ದ ಅವಳ ಗಂಡ, ಮೂವತ್ತೆಂಟು ವರ್ಷದ ಸಂಸಾರದಲ್ಲಿ "ಹೂಂ" ಎಂಬ ಒಂದೇ ಅಕ್ಷರವನ್ನು ಇಪ್ಪತ್ತು ಬಗೆಯಲ್ಲಿ ಹೇಳುವುದನ್ನು ಕಲಿತಿದ್ದರು.

ಇಬ್ಬರಿಗೂ ಸೇರಿ ಮೂರು ಎಕರೆ ಹೊಲ. ಅದರಲ್ಲಿ ಹತ್ತಿ ಬಿಟ್ಟು ಬೇರೇನನ್ನೂ ಅವಳು ಬೆಳೆದವಳಲ್ಲ. ಹತ್ತಿ ಎಂದರೆ ಮೊಂಡು ಮಗುವಿನಂಥ ಬೆಳೆ. ನೀರು ಕಡಿಮೆಯಾದರೆ ಮೊಗ್ಗು ಉದುರಿಸುತ್ತದೆ, ಹೆಚ್ಚಾದರೆ ಎಲೆ ಬಿಟ್ಟುಕೊಂಡು ಕಾಯಿಯನ್ನೇ ಮರೆಯುತ್ತದೆ. ಎಲ್ಲ ಸರಿಯಾಯಿತು ಎನ್ನುವಾಗ ಹುಳ ಬರುತ್ತದೆ. ಅದನ್ನೆಲ್ಲ ದಾಟಿ ಕಾಯಿ ಬಿರಿದು ಬೆಳ್ಳಗೆ ನಕ್ಕರೂ, ಬಿಡಿಸಲು ಕೈ ಹಾಕಿದರೆ ಒಣಗಿದ ಸಿಪ್ಪೆಯ ಮೊನೆ ಉಗುರಿನ ಬುಡಕ್ಕೆ ಚುಚ್ಚುತ್ತದೆ. ಆ ಮುಳ್ಳು ತೆಗೆಯಲೆಂದೇ ಹಿಂಜಮ್ಮನ ಸೊಂಟದಲ್ಲಿ ಒಂದು ಸಣ್ಣ ಚಿಮಟ ಸದಾ ನೇತಾಡುತ್ತಿತ್ತು.

ಹತ್ತಿ ಬಿಡಿಸುವ ವಿಷಯದಲ್ಲಿ ಅವಳದು ಕಟ್ಟುನಿಟ್ಟು. ಇಬ್ಬನಿ ಆರುವವರೆಗೆ ಗಿಡ ಮುಟ್ಟುವ ಹಾಗಿಲ್ಲ. ಒಣ ಎಲೆಯ ಪುಡಿ ಬೀಳುವ ಹಾಗಿಲ್ಲ. ಪ್ಲಾಸ್ಟಿಕ್ ಚೀಲ ಹೊಲದ ಬದುವನ್ನೂ ದಾಟುವ ಹಾಗಿಲ್ಲ, ಬಟ್ಟೆಯ ಚೀಲವೇ ಆಗಬೇಕು. ಕೂಲಿಗೆ ಬಂದ ಹೆಂಗಸರು ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಒಮ್ಮೆ ಒಬ್ಬಳ ಒಂದೇ ಒಂದು ಕೂದಲು ಅರಳೆಯಲ್ಲಿ ಸಿಕ್ಕಿತೆಂದು ಹಿಂಜಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು, ಸಾಲಿನಲ್ಲಿದ್ದ ಏಳು ಹೆಂಗಸರ ತಲೆಗೂ ಹೋಲಿಸಿ ನೋಡಿ, ಕೊನೆಗೆ ಅದು ತನ್ನದೇ ಎಂದು ಗೊತ್ತಾದ ಮೇಲೆ ಗಾಳಿಯನ್ನು ಬೈದಿದ್ದಳು.

ಇಷ್ಟೆಲ್ಲ ಮಾಡಿ ಗಾಡಿ ತುಂಬಿಸಿಕೊಂಡು ಜಿನ್ನಿಗೆ ಹೋದರೆ ಗೇಟಿನ ಬಳಿ ಗ್ರೇಡರ್ ಕೂತಿರುತ್ತಿದ್ದ. ಹತ್ತಿಯಿಂದ ಬೀಜ ಬೇರೆ ಮಾಡಿ ಅರಳೆಯನ್ನು ಬೇಲು ಕಟ್ಟುವ ಆ ಜಿನ್ನಿಗೆ ಬರುವ ಮಾಲಿನ ದರ್ಜೆ ಹೇಳುವುದು ಅವನ ಕೆಲಸ. ಚೀಲದ ಬಾಯಿಂದ ಒಂದು ಚಿಟಿಕೆ ಹತ್ತಿ ಎತ್ತಿ, ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆಯ ಉದ್ದ ನೋಡಿ, ಆಮೇಲೆ ಆಕಾಶ ನೋಡಿ, "ಎರಡು" ಎನ್ನುತ್ತಿದ್ದ. ಎರಡು ಎಂದರೆ ಎರಡನೇ ದರ್ಜೆ. ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಿಂದ ಹಿಂಜಮ್ಮನಿಗೆ ಬೇರೆ ಅಂಕಿ ಬಂದಿರಲಿಲ್ಲ. ಅವನಿಗೆ ಅವಳು ಎರಡಪ್ಪ ಎಂದು ಹೆಸರಿಟ್ಟಿದ್ದಳು. ಅವನ ಹೆಂಡತಿಯೂ ಈಗ ಹಾಗೆಯೇ ಕರೆಯುತ್ತಾಳೆ ಎಂದು ಸುದ್ದಿ.

ಎರಡಪ್ಪನನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದವನು ತಂಗಿಯ ಗಂಡ. ಪಟ್ಟಣದಲ್ಲಿ ನಾಲ್ಕು ಮಗ್ಗದ ಶೆಡ್ಡು ಇಟ್ಟವನು. ದಿನವಿಡೀ ಮಗ್ಗಗಳ ಸದ್ದಿನಲ್ಲಿ ಕಿರುಚಿ ಕಿರುಚಿ, ಮನೆಗೆ ಬಂದರೂ ಉಪ್ಪು ಕೊಡಿ ಎನ್ನುವುದನ್ನು ಬೆಂಕಿ ಬಿದ್ದಿದೆ ಎನ್ನುವ ಹಾಗೆ ಹೇಳುತ್ತಿದ್ದ. ಒಂದು ಭಾನುವಾರ ಅವನು ಹೆಂಡತಿಯೊಂದಿಗೆ ಊಟಕ್ಕೆ ಬಂದಿದ್ದ. ಬಿಳಿ ಅಂಗಿ ಹಾಕಿದ್ದ.

"ಅತ್ತಿಗೆ, ಈ ಅಂಗಿ ಮುಟ್ಟಿ ನೋಡಿ."

"ಮುಟ್ಟಿದೆ. ಬೆವರಿದೆ."

"ಬಟ್ಟೆ ನೋಡಿ ಅಂದೆ. ನಮ್ಮ ಶೆಡ್ಡಲ್ಲಿ ನೇಯ್ದಿದ್ದು. ನೂಲು ಸಮುದ್ರದಾಚೆ ಹತ್ತೀದು. ಇಲ್ಲಿನ ಹತ್ತೀಲಿ ಇದು ಬರಲ್ಲ."

"ಇಲ್ಲಿನ ಹತ್ತಿ ಏನಾಗುತ್ತೆ ಹಾಗಾದ್ರೆ?"

"ದಿಂಬಿಗೆ ತುಂಬ್ತಾರೆ. ನೆಲ ಒರೆಸೋ ಬಟ್ಟೆ ಮಾಡ್ತಾರೆ. ಯಾವುದೂ ಕೀಳಲ್ಲ ಅತ್ತಿಗೆ, ನೀವು ಬೇಜಾರು ಮಾಡ್ಕೋಬೇಡಿ."

"ಸುಮ್ನೆ ಊಟ ಮಾಡಿ," ಎಂದಳು ತಂಗಿ, ಅಕ್ಕನ ಮುಖ ನೋಡಿ.

ಹಿಂಜಮ್ಮ ಆ ದಿನ ಮಾತು ಬೆಳೆಸಲಿಲ್ಲ. ಬೆಳೆಸಲು ಅವಳ ಕೈಯಲ್ಲಿ ಪುರಾವೆ ಇರಲಿಲ್ಲ. ನಲವತ್ತು ವರ್ಷ ಹತ್ತಿ ಬೆಳೆದಿದ್ದರೂ ಅದು ಜಿನ್ನಿನ ಗೇಟು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆಂದು ಅವಳು ಕಂಡಿರಲಿಲ್ಲ. ಬೇಲು ಗಿರಣಿಗೆ ಹೋಗುತ್ತದೆ, ಅಲ್ಲಿ ಬಡಿದು, ಹಿಂಜಿ, ಹಗ್ಗದಂತೆ ಎಳೆದು, ತಿರುಚಿ ನೂಲು ಮಾಡುತ್ತಾರೆ, ನೂಲು ಗಂಜಿ ಕುಡಿದು ಮಗ್ಗಕ್ಕೇರುತ್ತದೆ, ಎಂದು ಕೇಳಿ ಬಲ್ಲಳು ಅಷ್ಟೆ. ತನ್ನ ಹತ್ತಿ ಯಾರ ಮೈಮೇಲಿದೆಯೋ, ಯಾರ ನೆಲ ಒರೆಸುತ್ತಿದೆಯೋ, ಹೇಳುವವರು ಯಾರು? ಎಲ್ಲರ ಹತ್ತಿಯೂ ಒಂದೇ ಬಿಳುಪು. ಗುರುತು ಇಲ್ಲ.

ಗುರುತು ಇಲ್ಲ ಎಂಬಲ್ಲಿಗೆ ಬಂದು ಅವಳ ಯೋಚನೆ ನಿಂತಿತು. ಆ ಹೊತ್ತಿಗೆ ಸರಿಯಾಗಿ ಹಗ್ಗದ ಮೇಲೆ ಯಜಮಾನರ ಪಟ್ಟೆ ಚಡ್ಡಿ ಒಣಗುತ್ತಿತ್ತು. ಅದರ ಸೊಂಟದಿಂದ ಕೆಂಪು ಲಾಡಿ ಇಳಿಬಿದ್ದಿತ್ತು.

ಲಾಡಿಯನ್ನು ಅವಳು ಹಾಗೇ ಬಳಸಲಿಲ್ಲ. ಯಾವ ಕೆಲಸವನ್ನೂ ಅರೆಬರೆ ಮಾಡಿದವಳಲ್ಲ. ಸೋಡಾ ಹಾಕಿ ಒಂದು ಗಂಟೆ ಕುದಿಸಿದಳು, ಬಣ್ಣ ಬಿಡಲಿಲ್ಲ. ಬಿಸಿಲಿಗೆ ಎರಡು ದಿನ ಹಾಕಿದಳು, ಮಾಸಲಿಲ್ಲ. ಆಮೇಲೆ ಅದನ್ನು ನೂಲು ನೂಲಾಗಿ ಬಿಚ್ಚಿ, ಬೆರಳಿನ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ, ಹಿಂಜಿ, ಹನ್ನೆರಡು ಚೀಲದ ಹತ್ತಿಗೂ ಕೈಯಾರೆ ಕಲೆಸಿದಳು. ಒಂದು ಕೂದಲು ಬಿತ್ತೆಂದು ಏಳು ತಲೆಗಳನ್ನು ತಪಾಸಣೆ ಮಾಡಿದ ಹೆಂಗಸು ಇವಳೇ.

"ನನ್ನ ಕೆಂಪು ಲಾಡಿ ಎಲ್ಲಿ?" ಎಂದರು ಯಜಮಾನರು, ಚಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು.

"ಇಲಿ ಹೊತ್ಕೊಂಡು ಹೋಯ್ತು."

"ಲಾಡಿನಾ?"

"ಅದಕ್ಕೂ ಸಂಸಾರ ಇರುತ್ತಲ್ಲ ರೀ."

"ಹೂಂ," ಎಂದು ಅವರು ಸೆಣಬಿನ ದಾರ ಕಟ್ಟಿಕೊಂಡರು. ಮುಂದಿನ ಸಂತೆಯಲ್ಲಿ ಒಂದು ನೀಲಿ ಲಾಡಿ ತಂದರು.

ಜಿನ್ನಿನಲ್ಲಿ ಎರಡಪ್ಪ ಚಿಟಿಕೆ ಎತ್ತಿದ, ಎಳೆದ, ಆಕಾಶ ನೋಡಿದ. "ಎರಡು." ಕೆಂಪು ನೂಲು ಅವನ ಕಣ್ಣಿಗೆ ಬೀಳಲಿಲ್ಲ. ಆಕಾಶದಲ್ಲಿ ಇದ್ದಿದ್ದರೆ ಬೀಳುತ್ತಿತ್ತೋ ಏನೋ.

ಮೂರು ತಿಂಗಳು ಕಳೆಯಿತು. ಒಂದು ಬುಧವಾರ ಮಗ್ಗದವನು ಒಬ್ಬನೇ ಬಂದ. ಕಂಕುಳಲ್ಲಿ ಮಡಿಸಿದ ಹಾಸಿಗೆಯ ಹೊದಿಕೆ. ಮುಖ ಹುಳ್ಳಗಾಗಿತ್ತು. ಬಂದವನೇ ಅದನ್ನು ಹಜಾರದ ಬೆಂಚಿನ ಮೇಲೆ ಹರಡಿದ. ಹಾಲಿನಂಥ ಬಿಳಿ ಬಟ್ಟೆ. ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು.

"ನೋಡಿ ಅತ್ತಿಗೆ. ಆಸ್ಪತ್ರೆಯವರದ್ದು, ನಾನೂರು ಹೊದಿಕೆ. ಅಲ್ಲಿನ ಸ್ಟೋರ್ ಕೀಪರ್ ಬಿಚ್ಚಿ ನೋಡಿ, ರೋಗಿ ಇನ್ನೂ ಮಲಗಿಲ್ಲ, ಆಗ್ಲೇ ರಕ್ತ ಯಾಕೆ ಅಂದ. ವಾಪಸ್ ಕಳಿಸಿದಾನೆ. ಹನ್ನೆರಡು ದಿನದಲ್ಲಿ ಸರಿಯಾದ ಮಾಲು ಕೊಡದಿದ್ರೆ ಇನ್ನು ಈ ಕಡೆ ತಲೆ ಹಾಕಬೇಡಿ ಅಂದಿದಾನೆ."

"ನೇಯುವಾಗ ಕಾಣ್ಲಿಲ್ವಾ?"

"ಕಂಡಿತು. ಬ್ಲೀಚಿಗೆ ಹೋದ್ರೆ ಬಿಟ್ಟು ಹೋಗುತ್ತೆ ಅಂದ್ಕೊಂಡೆ. ಯಾವ ದರಿದ್ರ ಬಣ್ಣನೋ, ಕದಲಲಿಲ್ಲ."

ಹಿಂಜಮ್ಮನಿಗೆ ಆ ಬಣ್ಣ ಕದಲದ್ದು ಗೊತ್ತಿತ್ತು. ಸೋಡಾದಲ್ಲಿ ಕುದಿಸಿದವಳೇ ಅವಳು. ಎದೆ ಧಡಕ್ಕೆಂದಿತು. ಆದರೆ ಆ ಧಡಕ್ಕಿನಲ್ಲಿ ಅರ್ಧ ಭಾಗ ಹೆದರಿಕೆ, ಅರ್ಧ ಭಾಗ ಹಿಗ್ಗು. ಬಟ್ಟೆಯ ಅಂಚನ್ನು ಬೆರಳಿನಲ್ಲಿ ಸವರಿದಳು. ತೆಳುವಾಗಿ, ಗಟ್ಟಿಯಾಗಿ, ನುಣ್ಣಗಿತ್ತು. ನನ್ನ ಹತ್ತಿ, ಎಂದು ಒಳಗೊಳಗೇ ಅಂದುಕೊಂಡಳು.

"ಗಿರಣಿಯವರನ್ನ ಹಿಡಿದು ಕೇಳ್ದೆ," ಎಂದು ಮಗ್ಗದವನು ಕಿರುಚಿದ. "ಬೇಲಿನ ನಂಬರ್ ನೋಡಿದ್ರು. ನಿಮ್ಮ ಈ ಜಿನ್ನಿಂದೇ ಹೋದ ಬೇಲು."

"ಯಾವ ಜಿನ್ನು?"

"ಇದೇ ಜಿನ್ನು, ಇನ್ಯಾವುದು?"

"ಸಮುದ್ರದಾಚೆ ಜಿನ್ ಅಲ್ವಾ?"

ಮಗ್ಗದವನಿಗೆ ಕೆಮ್ಮು ಬಂತು. ನೀರು ಕುಡಿದ. "ಅದು ಬೇರೆ, ಇದು ಬೇರೆ," ಎಂದ. "ಈಗ ಅದಲ್ಲ ವಿಷಯ. ಗ್ರೇಡರ್‌ಗೆ ಹೇಳಿ ಬಂದಿದೀನಿ. ಯಾರ ಚೀಲದಲ್ಲಿ ಬಂತೋ ಹುಡುಕ್ತಾನಂತೆ. ಸಿಕ್ಕಿದವರ ಹತ್ತಿ ಇನ್ನು ಸಾಯೋವರೆಗೂ ಗೇಟಿನೊಳಗೆ ಬಿಡಲ್ಲ ಅಂದ."

ಒಂದು ದಿನದ ದಾರಿಯೊಳಗೆ ಬೇರೆ ಜಿನ್ ಇರಲಿಲ್ಲ. ನಲವತ್ತು ವರ್ಷ ಸಿಗದಿದ್ದ ಪುರಾವೆ ಕಣ್ಣೆದುರು ಬೆಂಚಿನ ಮೇಲೆ ಹರಡಿಕೊಂಡಿದೆ. ಇದು ನನ್ನದು ಎಂದರೆ ಗೆದ್ದ ಹಾಗೆ. ಇದು ನನ್ನದು ಎಂದರೆ ಮೂರು ಎಕರೆ ಹತ್ತಿಯನ್ನು ಮನೆಯೊಳಗೇ ಪೇರಿಸಿಟ್ಟುಕೊಳ್ಳಬೇಕಾದ ಹಾಗೆ.

ಮೂರು ದಿನ ಅವಳು ಮಾತಾಡಲಿಲ್ಲ. ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಇಷ್ಟು ಜೋರೆಂದು ಯಜಮಾನರಿಗೆ ಮೊದಲ ಸಲ ತಿಳಿಯಿತು. ಮೊದಲ ದಿನ ಖುಷಿಪಟ್ಟರು. ಎರಡನೆಯ ದಿನ ಅವಳ ಹಣೆ ಮುಟ್ಟಿ ನೋಡಿದರು. ಮೂರನೆಯ ದಿನ ತಾವಾಗಿಯೇ, "ಹಾಲು ತೆಳ್ಳಗಿದೆ ಅಲ್ವಾ?" ಎಂದು ಮಾತಿಗೆ ದಾರಿ ಮಾಡಿಕೊಟ್ಟರು. ಅವಳು ತಲೆಯಾಡಿಸಿದಳು. ಅವರು ಡಾಕ್ಟರರ ಮನೆಯ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ನಡೆದು ನೋಡಿದರು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಬಸ್ಸು ಹತ್ತಿ ತಂಗಿಯ ಮನೆಗೆ ಹೋದಳು. ಮನೆಯ ಹಿಂದೆಯೇ ಶೆಡ್ಡು. ಒಳಗೆ ನಾಲ್ಕು ಮಗ್ಗಗಳು ನೆಲ ನಡುಗಿಸುತ್ತಿದ್ದವು. ಕಿಟಕಿಯ ಸರಳು, ಟ್ಯೂಬ್ ಲೈಟು, ಇಬ್ಬರು ನೇಯ್ಗೆಯವರ ಹುಬ್ಬು, ಎಲ್ಲದರ ಮೇಲೂ ಹತ್ತಿಯ ಧೂಳು ನರೆತ ಕೂದಲಿನಂತೆ ಕೂತಿತ್ತು. ಮೂಲೆಯಲ್ಲಿ ನಾನೂರು ಹೊದಿಕೆಗಳ ರಾಶಿ. ತಂಗಿ ಅದರ ಪಕ್ಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

ಹಿಂಜಮ್ಮ ಕಿಟಕಿಯ ಬೆಳಕಿಗೆ ಒಂದು ಹೊದಿಕೆ ಹರಡಿದಳು. ಸೊಂಟದ ಚಿಮಟ ತೆಗೆದಳು. ಒಂದು ಕೆಂಪು ಚುಕ್ಕೆಯ ತುದಿ ಹಿಡಿದು, ನೂಲು ಕಡಿಯದಂತೆ ಮೆಲ್ಲಗೆ ಎಳೆದಳು. ಬಂತು. ಉಳಿದ ಸಣ್ಣ ಗೀರನ್ನು ಒದ್ದೆ ಉಗುರಿನಿಂದ ಉಜ್ಜಿದಳು. ಮುಚ್ಚಿಕೊಂಡಿತು. ನಲವತ್ತು ವರ್ಷ ಗಿಡದಿಂದ ಬಿಡಿಸಿದ ಬೆರಳು, ಈಗ ಬಟ್ಟೆಯಿಂದ ಬಿಡಿಸತೊಡಗಿತು.

ಮಗ್ಗದವನು ಬಂದು ಹತ್ತಿರ ಬಾಗಿದ. "ನಿಮಗ್ಯಾಕೆ ಅತ್ತಿಗೆ ಈ ಉಸಾಬರಿ?"

"ನಾನೇ ಹಾಕಿದ್ದು," ಎಂದಳು.

"ಏನು?"

"ನಾನೇ ಹಾಕಿದ್ದು. ನನ್ನ ಹತ್ತೀಲಿ."

"ಕೇಳಿಸ್ತಿಲ್ಲ, ಜೋರಾಗಿ ಹೇಳಿ."

ಅವಳು ಉಸಿರು ತುಂಬಿಕೊಂಡು, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿಯಲ್ಲಿ ಹೇಳಿದಳು. ಅದೇ ಕ್ಷಣದಲ್ಲಿ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ಶೆಡ್ಡಿನ ತುಂಬ ಮೊಳಗಿದ ಮಾತು ಇಷ್ಟು:

"ಅದು ನಮ್ಮ ಯಜಮಾನರ ಚಡ್ಡಿ ಲಾಡಿ."

ನೇಯ್ಗೆಯವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಏನೂ ಅರ್ಥವಾಗದೆ, ಆದರೆ ಯಾರಿಗಾದರೂ ಹೇಳಲೇಬೇಕೆಂಬ ಆತುರದಲ್ಲಿ ಟೀ ಕುಡಿಯಲು ಹೊರಟುಹೋದರು. ಅಕ್ಕನ ಮನೆಯ ಒಗೆತದ ಬಟ್ಟೆ ಯಾಕೆ ಇಲ್ಲಿಗೆ ಬಂತು ಎಂದು ತಂಗಿ ಗಾಬರಿಯಾದಳು.

ಹಿಂಜಮ್ಮ ಎಲ್ಲವನ್ನೂ ಹೇಳಿದಳು. ಅಂಗಿಯ ಮಾತು, ದಿಂಬಿನ ಮಾತು, ಸೋಡಾ, ಹನ್ನೆರಡು ಚೀಲ. ಮೂರು ದಿನ ಕೂಡಿಟ್ಟದ್ದೂ ಸೇರಿ ಬಂದದ್ದರಿಂದ ಕರೆಂಟು ವಾಪಸಾಗುವವರೆಗೂ ಸಾಕಾಯಿತು.

"ಎರಡಪ್ಪನಿಗೆ ಹೇಳ್ತೀನಿ," ಎಂದ ಮಗ್ಗದವನು. ಮುಖ ಕೆಂಪಾಗಿತ್ತು.

"ಹೇಳಪ್ಪ. ತಪ್ಪು ನಂದೇ, ಇಲ್ಲ ಅನ್ನಲ್ಲ. ಅದನ್ನೇ ಕೂತು ತೆಗೀತಾ ಇದೀನಿ. ಆದ್ರೆ ಹೇಳುವಾಗ ಯಾರ ಹತ್ತಿ ಯಾವ ಬಟ್ಟೇಲಿ ಸಿಕ್ತು ಅಂತಾನೂ ಹೇಳು. ಸಮುದ್ರದಾಚೇದು ಅಂತ ನಿನ್ನ ಹತ್ರ ಅಂಗಿಬಟ್ಟೆ ತಗೊಂಡವರಿಗೂ ಗೊತ್ತಾಗ್ಲಿ."

ಅವನು ಗೋಡೆ ನೋಡಿದ. ಹೆಂಡತಿಯನ್ನು ನೋಡಿದ. ಅವಳು ಅಷ್ಟರಲ್ಲೇ ಅಕ್ಕನ ಎದುರು ಕೂತು, ಸೂಜಿ ಹಿಡಿದು, ಇನ್ನೊಂದು ಹೊದಿಕೆ ಬಿಚ್ಚಿದ್ದಳು. "ಎಂಟು ದಿನ ಉಳಿದಿದೆ," ಎಂದಳು ಗಂಡನಿಗೆ. "ನಿಂತ್ಕೊಂಡು ಏನು ನೋಡ್ತೀರಿ?"

ಅವನೂ ಕೂತ.

ಏಳು ದಿನ ಮೂವರೂ ಕೆಂಪು ಆಯ್ದರು. ಸಂಜೆಯ ಹೊತ್ತಿಗೆ ಗೋಡೆಯೂ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಮಗ್ಗದವನು ಅತ್ತಿಗೆಯೊಂದಿಗೆ ಮಾತು ಬಿಟ್ಟಿದ್ದ. ಅವಳೇನೂ ಬಿಟ್ಟಿರಲಿಲ್ಲವಾದ್ದರಿಂದ ಅದರ ಕೊರತೆ ಯಾರಿಗೂ ಕಾಣಲಿಲ್ಲ. ಆರನೆಯ ದಿನ ಮಧ್ಯಾಹ್ನ ಅವನು ಬಟ್ಟೆಯಿಂದ ತಲೆ ಎತ್ತದೆ, ಯಾರಿಗೂ ಹೇಳದ ಹಾಗೆ ಹೇಳಿದ:

"ಈ ನೂಲು ಮಗ್ಗದ ಮೇಲಿದ್ದಾಗ ಎಳೆ ಕಡಿದಿದ್ದು ಬಹಳ ಕಡಿಮೆ. ಇಡೀ ಹಾಸುನೂಲಿಗೆ ಮೂರೋ ನಾಲ್ಕೋ ಗಂಟು ಅಷ್ಟೆ. ಹತ್ತಿ ಒಳ್ಳೇದಿತ್ತು."

ಚಿಮಟ ಹಿಡಿದ ಹಿಂಜಮ್ಮನ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಂಗಿಯ ಕಡೆ ತಿರುಗಿ, ಆ ದಿನದ ಹಾಲಿನ ಬಗ್ಗೆ ವಿಚಾರಿಸಿದಳು.

ಆಸ್ಪತ್ರೆಗೆ ಒಂದು ದಿನ ಮುಂಚೆಯೇ ಮುನ್ನೂರ ತೊಂಬತ್ತೊಂಬತ್ತು ಹೊದಿಕೆ ಹೋದವು. ಸ್ಟೋರ್ ಕೀಪರ್ ಎರಡು ಸಲ ಎಣಿಸಿ, ಒಂದು ಎಲ್ಲಿ ಎಂದ. ಇಲಿ ಹೊತ್ತುಕೊಂಡು ಹೋಯಿತು ಎಂದ ಮಗ್ಗದವನು. ಮಾತು ಯಾರಿಂದ ಕಲಿತದ್ದೆಂದು ಹೇಳಬೇಕಾಗಿಲ್ಲ. ಎರಡಪ್ಪ ಒಂದಷ್ಟು ದಿನ ಎಲ್ಲರ ಚೀಲದಲ್ಲೂ ಮೊಣಕೈವರೆಗೆ ಕೈ ಹಾಕಿ ಹುಡುಕಿದ. ಏನೂ ಸಿಗದೆ, ತೋಳೆಲ್ಲ ತುರಿಕೆಯಾಗಿ, ಮತ್ತೆ ಆಕಾಶ ನೋಡುವ ಕೆಲಸಕ್ಕೇ ಮರಳಿದ. ಮುಂದಿನ ಸುಗ್ಗಿಯಲ್ಲೂ ಹಿಂಜಮ್ಮನ ಗಾಡಿಗೆ "ಎರಡು" ಎಂದ. "ಬರ್ಕೊಳ್ಳಿ," ಎಂದಳು ಅವಳು, ನಗುತ್ತ. ಅವನಿಗೆ ಆ ನಗು ಏನೆಂದು ತಿಳಿಯದೆ ಊಟ ರುಚಿಸಲಿಲ್ಲವಂತೆ.

ನಾನೂರನೆಯ ಹೊದಿಕೆ, ಚುಕ್ಕೆ ಆಯದೆ ಬಿಟ್ಟದ್ದು, ಅವಳ ಮನೆಯ ಮಂಚದ ಮೇಲೆ ಹರಡಿಕೊಂಡಿತು. ಮೊದಲ ದಿನ ಮಧ್ಯಾಹ್ನ ಊಟವಾದ ಮೇಲೆ ಯಜಮಾನರು ಅದರ ಮೇಲೆ ಮಲಗಿ, ಮಗ್ಗುಲಾಗಿ, ಮೂಗಿನ ಹತ್ತಿರ ಏನೋ ಕೆಂಪಗೆ ಕಂಡು ಹೆಬ್ಬೆರಳಿನಿಂದ ಒತ್ತಿದರು. ಮತ್ತೆ ಒತ್ತಿದರು.

"ತಿಗಣೆ," ಎಂದರು. "ಸಾಯ್ತಾ ಇಲ್ಲ."

"ತಿಗಣೆ ಅಲ್ಲ ರೀ. ನಿಮ್ಮ ಲಾಡಿ."

ಅವಳು ಪಕ್ಕದಲ್ಲಿ ಕೂತು ಮೊದಲಿನಿಂದ ಎಲ್ಲ ಹೇಳಿದಳು. ಕೊನೆಗೆ ಅವರು, "ಹಾಗಾದ್ರೆ ಇಲಿ?" ಎಂದರು.

"ಪಾಪ, ಅದರ ತಪ್ಪೇನೂ ಇಲ್ಲ."

"ಹೂಂ," ಎಂದರು ಯಜಮಾನರು. ಎದ್ದು ಹೋಗಿ, ಹಗ್ಗದ ಮೇಲೆ ಒಣಗುತ್ತಿದ್ದ ಚಡ್ಡಿಯಿಂದ ನೀಲಿ ಲಾಡಿಯನ್ನು ಎಳೆದುಕೊಂಡು, ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ, ಕೀಲಿಯನ್ನು ದಿಂಬಿನ ಕೆಳಗೆ ಸೇರಿಸಿ ಮಲಗಿದರು.