ಬದನೆ ಬಣ್ಣದ ಉಕ್ಕು

ವಾರ್ಧಕ್ಯ ಕೂದಲಿನಿಂದ ಆರಂಭವಾಗುತ್ತದೆ ಎನ್ನುವವರಿದ್ದಾರೆ, ಮೊಣಕಾಲಿನಿಂದ ಎಂದು ವಾದಿಸುವವರೂ ಇದ್ದಾರೆ. ನನ್ನ ಅನುಭವದಲ್ಲಿ ಅದು ಸೀಬೆಹಣ್ಣಿನಿಂದ ಆರಂಭವಾಗುತ್ತದೆ. ಇಡೀ ಹಣ್ಣನ್ನು ಕಚ್ಚಿ ತಿನ್ನುತ್ತಿದ್ದ ಮನುಷ್ಯ ಒಂದು ದಿನ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಹಲ್ಲುಗಳ ಸ್ಥೈರ್ಯವನ್ನು ನಾಲಗೆಯಿಂದ ಪರೀಕ್ಷಿಸಿಕೊಂಡು, ಮೆಲ್ಲನೆ ಜೇಬಿನ ಚಾಕುವಿಗೆ ಕೈಹಾಕಿದನೆಂದರೆ, ಓದುಗ ಮಿತ್ರರೇ, ಅವನ ಯೌವನದ ಅಧ್ಯಾಯ ಮುಗಿಯಿತೆಂದೇ ತಿಳಿಯಿರಿ.

ನನ್ನ ಜೇಬಿನಲ್ಲಿದ್ದದ್ದು ಶಿವಾಜಿನಗರದ ಗಲ್ಲಿಯೊಂದರಲ್ಲಿ ಗೌಸ್ ಸಾಹೇಬರು ತಮ್ಮ ಕೈಯಾರೆ ಮಾಡಿದ ಮಡಚುವ ಚಾಕು. ಬೀಟೆಮರದ ಹಿಡಿ, ಹಿತ್ತಾಳೆಯ ಮೊಳೆ, ಮಡಚಿದರೆ ‘ಟಕ್’ ಎಂಬ ಒಂದೇ ಒಂದು ಅಕ್ಷರದ ಸದ್ದು. ಅದನ್ನು ಜೇಬಿನಲ್ಲಿ ಮರೆತು ವಿಮಾನ ನಿಲ್ದಾಣಕ್ಕೆ ಹೋದೆ. ಚಾಕು ಅಲ್ಲಿಯೇ ಉಳಿಯಿತು. ನಿವೃತ್ತ ಕನ್ನಡ ಮೇಷ್ಟ್ರೊಬ್ಬ ವಿಮಾನ ಅಪಹರಿಸಬಲ್ಲನೆಂದು ಯಾರೋ ನಂಬಿದರಲ್ಲ ಎಂಬ ಹೆಮ್ಮೆಯೊಂದಿಗೆ ನಾನು ಮುಂದೆ ಹೋದೆ.

ಇನ್ನೊಂದನ್ನು ಕೊಳ್ಳಲೆಂದು ಶಿವಾಜಿನಗರಕ್ಕೆ ಹೋದರೆ ಅಂಗಡಿ ಇತ್ತು, ಚಾಕು ಇರಲಿಲ್ಲ. ಬಾಗಿಲ ತುಂಬ ಮೊಬೈಲ್ ಕವರುಗಳ ರಟ್ಟಿನ ಡಬ್ಬಗಳು. ಅವುಗಳ ಹಿಂದಿನ ಕತ್ತಲಲ್ಲಿ ಗೌಸ್ ಸಾಹೇಬರು ಸುಮ್ಮನೆ ಕೂತಿದ್ದರು. ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ತಿಂದುಹಾಕಿತ್ತು.

“ಕೈ ಇದೆ ಸಾರ್, ಕಣ್ಣಿಲ್ಲ. ಉಕ್ಕಿನ ಬಣ್ಣ ನೋಡ್ದೆ ಸ್ಪ್ರಿಂಗ್ ಮಾಡೋಕಾಗಲ್ಲ. ತಾತನ ಕಾಲದ ಕೆಲಸ, ನನ್ ಕೈಲೇ ಮುಗೀತು,” ಎಂದರು.

ಆಗ ಒಳಗಿನಿಂದ ಚಹಾ ತಂದ ಅವರ ಮಗಳು ನಸ್ರೀನ್, ಲೋಟ ಇಡುತ್ತಲೇ ಹೇಳಿದಳು: “ಮೇರೆ ಆಂಖಾಂ ಹೈ ನಾ, ಅಬ್ಬಾ.” ನನ್ನ ಕಣ್ಣುಗಳಿವೆಯಲ್ಲ, ಅಪ್ಪಾ. ಈ ಮಾತನ್ನು ಆಕೆ ಹಿಂದೆಯೂ ಹೇಳಿದ್ದಿರಬೇಕು. ಮುದುಕರು ಕೇಳಿಸದವರಂತೆ ಚಹಾ ಊದಿದರು.

ನಸ್ರೀನ್ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು. ನನ್ನಂಥವರ ಬಾಯಿಗೆ ಹಲ್ಲು, ಹಲ್ಲಿಲ್ಲದವರ ಕೈಗೆ ಚಾಕು: ಎರಡೂ ಒಂದೇ ಮನೆಯಿಂದ ಬರುವುದಾದರೆ ಅದಕ್ಕಿಂತ ಸಮಗ್ರ ಸೇವೆ ಯಾವುದಿದೆ ಎಂದು ನಾನು ಚಟಾಕಿ ಹಾರಿಸಿದೆ. ಆಕೆ ನಗಲಿಲ್ಲ. ಡಬ್ಬಗಳೆಲ್ಲ ಆಕೆಯ ಅಣ್ಣ ಇಮ್ರಾನನವು. ಬಕ್ರೀದ್ ಕಳೆದ ಮೇಲೆ ಕುಲುಮೆ, ಬೆಂಚು ಎಲ್ಲವನ್ನೂ ಗುಜರಿಗೆ ಹಾಕಿ ಇಡೀ ಜಾಗವನ್ನು ಗೋದಾಮು ಮಾಡುವುದೆಂದು ಅವನು ನಿರ್ಧರಿಸಿದ್ದ. “ಅಷ್ಟರೊಳಗೆ ಒಂದೇ ಒಂದು ಸರಿಯಾದ ಚಾಕು ಮಾಡಿದ್ರೆ ಸಾಕು ಸರ್, ಕುಲುಮೆ ಮಾರೋಕೆ ಅಬ್ಬಾನೇ ಬಿಡಲ್ಲ,” ಎಂದಳು.

ಈ ಮಹತ್ಕಾರ್ಯಕ್ಕೆ ನನ್ನ ಕೊಡುಗೆ ಬಸವರಾಜ. ರಾಮಮೂರ್ತಿ ನಗರದ ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ, ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಯಾದಗಿರಿಯ ಯುವಕ. ಭಾನುವಾರದ ನಿದ್ದೆಯಿಂದ ಅವನನ್ನು ಎಬ್ಬಿಸಿ ಕರೆದೊಯ್ದೆ. ಅಲಗು ಉಜ್ಜುವುದು, ರಂಧ್ರ ಕೊರೆಯುವುದು, ಹಿಡಿ ಕೂರಿಸುವುದು ಅವನಿಗೂ ನಸ್ರೀನಳಿಗೂ ಬೇಗ ಒಲಿಯಿತು. ನಾನು ಕೂಡ ಒಂದು ಅಲಗು ಉಜ್ಜಿದೆ. ಅದು ಬೆಣ್ಣೆ ಸವರಲು ಯೋಗ್ಯವಾಯಿತು. ಮರುವಾರದಿಂದ ನನ್ನನ್ನು ಚಹಾ ತರುವ ಹುದ್ದೆಗೆ ನೇಮಿಸಲಾಯಿತು.

ಸ್ಪ್ರಿಂಗ್ ಮಾತ್ರ ಒಲಿಯಲಿಲ್ಲ. ಚಾಕುವಿನ ಬೆನ್ನಿಗಿರುವ ಆ ಉಕ್ಕಿನ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಎಣ್ಣೆಗದ್ದಿ, ಮತ್ತೆ ಹದವಾಗಿ ಬಿಸಿಮಾಡಬೇಕು. ಆಗ ಉಕ್ಕಿನ ಮೇಲೆ ಬಣ್ಣಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ತಕ್ಕ ಬಣ್ಣಕ್ಕೆ ತೆಗೆಯದಿದ್ದರೆ ಮುರಿಯುತ್ತದೆ, ಇಲ್ಲವೇ ಬಾಗಿದ್ದು ಬಾಗಿಯೇ ಉಳಿಯುತ್ತದೆ. ನಮ್ಮವು ಒಮ್ಮೆ ಮುರಿದವು, ಒಮ್ಮೆ ಬಾಗಿದವು. ಹಬ್ಬ ಹತ್ತಿರವಾಗುತ್ತಿತ್ತು.

“ಬದನೆಕಾಯಿ ಬಣ್ಣಕ್ಕೆ ತೆಗೀರಿ ಅಂತ ಎಷ್ಟು ಸಲ ಹೇಳ್ಬೇಕು!” ಎಂದು ಗೌಸ್ ಸಾಹೇಬರು ರೇಗಿದರು.

ಬಸವರಾಜ ತಲೆ ಕೆರೆದುಕೊಂಡ. “ಯಾವ ಬದನಿಕಾಯಿ ರೀ ಸಾಹೇಬ್ರ? ನಮ್ಮ ಕಡೆ ಹಸರ ಇರ್ತಾವು.”

ನಾನು ನಕ್ಕೆ. ನಸ್ರೀನ್ ನಗಲಿಲ್ಲ, ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟು ನನ್ನತ್ತ ತಿರುಗಿದಳು. “ಸರ್, ಮಾರ್ಕೆಟ್‌ಗೆ ಹೋಗಿ ಎಷ್ಟು ಥರ ಬದನೆಕಾಯಿ ಸಿಗುತ್ತೋ ಎಲ್ಲಾ ತನ್ನಿ. ಬೇಗ ಹೋಗಿ.”

ಜೀವಮಾನದಲ್ಲಿ ತರಕಾರಿ ತರುವಾಗ ಅಷ್ಟು ಓಡಿದವನಲ್ಲ ನಾನು. ಉದ್ದನೆಯದು, ಗುಂಡನೆಯದು, ಗೆರೆಯದು, ಹಸಿರಿನದು, ಎಲ್ಲವನ್ನೂ ತಂದು ಬೆಂಚಿನ ಮೇಲೆ ಸುರಿದೆ. ನಸ್ರೀನ್ ಒಂದೊಂದನ್ನೇ ತಂದೆಯ ಕೈಗಿಟ್ಟಳು. ಅವರ ಬೆರಳುಗಳು ತೊಟ್ಟಿನಿಂದ ತುದಿಯವರೆಗೆ ಸವರಿ ಬೇಡವೆಂದವು, ಬೇಡವೆಂದವು. ಕೊನೆಗೆ ಮುಷ್ಟಿಯಷ್ಟಿದ್ದ ಗುಂಡು ಬದನೆಯನ್ನು ಹಿಡಿದು ನಿಂತವು. “ಇದು. ಬಿಸಿಲಿಗೆ ಹಿಡಿದ್ರೆ ಕಾಣೋ ಬಣ್ಣ.”

“ಬಿಸಿಲಿಗಾ?” ನಸ್ರೀನ್ ತಲೆಯೆತ್ತಿ ಟ್ಯೂಬ್‌ಲೈಟನ್ನು ನೋಡಿದಳು. “ಅಯ್ಯೋ, ಲ್ಯಾಬಲ್ಲಿ ಹಲ್ಲಿನ ಬಣ್ಣ ಕಿಟಕಿ ಹತ್ರಾನೇ ನೋಡ್ತೀನಿ. ಇಲ್ಲಿ ಇಷ್ಟು ದಿನ ಕತ್ತಲಲ್ಲಿ ಕೂತಿದ್ದೀನಲ್ಲ!”

ಮರುಕ್ಷಣವೇ ಅಣ್ಣನ ಡಬ್ಬಗಳು ಗಲ್ಲಿಗೆ ಬಂದವು. ಬಸವರಾಜ ಎತ್ತಿ ಕೊಟ್ಟ, ನಾನು ಹೊರಗೆ ಒಟ್ಟಿದೆ. ಬಾಗಿಲಿನಿಂದ ಮಧ್ಯಾಹ್ನದ ಬಿಸಿಲು ಸೀದಾ ಬೆಂಚಿನವರೆಗೆ ಬಂತು. ನಸ್ರೀನ್ ಗುಂಡು ಬದನೆಯನ್ನು ಪಕ್ಕದಲ್ಲಿಟ್ಟುಕೊಂಡು ಪಟ್ಟಿಯನ್ನು ಬಿಸಿಮಾಡತೊಡಗಿದಳು. ಒಣಹುಲ್ಲಿನ ಹಳದಿ ಬಂತು, ಕಂದು ಬಂತು. ಕಂದಿನ ಅಂಚಿನಿಂದ ಕಡು ನೇರಳೆ ಹರಿದು ಬಂದಾಗ ಆಕೆಯ ಕಣ್ಣು ಒಮ್ಮೆ ಬದನೆಗೆ, ಒಮ್ಮೆ ಉಕ್ಕಿಗೆ ಹೋಯಿತು. ಸಟಕ್ಕನೆ ತೆಗೆದಳು.

ಬಸವರಾಜ ಅದನ್ನು ಹಿಡಿಯೊಳಗೆ ಕೂರಿಸಿ ಮೊಳೆ ಬಡಿದ. ನಸ್ರೀನ್ ಚಾಕುವನ್ನು ತಂದೆಯ ಕಿವಿಯ ಬಳಿ ಒಯ್ದು ಮಡಚಿದಳು.

ಟಕ್.

ಗೌಸ್ ಸಾಹೇಬರು ಅದನ್ನು ಕಿತ್ತುಕೊಂಡರು. ಬಿಡಿಸಿದರು, ಮಡಚಿದರು, ಮತ್ತೆ ಬಿಡಿಸಿದರು. ಆಮೇಲೆ ಮಗಳ ಮುಖವನ್ನು ಎರಡೂ ಅಂಗೈಗಳಲ್ಲಿ ಹಿಡಿದು, “ನನ್ ಕಣ್ಣು ವಾಪಸ್ ಬಂತು, ಬೇಟಿ,” ಎಂದರು.

ಗಲ್ಲಿಯಲ್ಲಿ ಬಿದ್ದಿದ್ದ ಡಬ್ಬಗಳನ್ನು ಕಂಡು ಇಮ್ರಾನ್ ಕೂಗಾಡುತ್ತಲೇ ಒಳಗೆ ಬಂದ. ತಂದೆ ಚಾಕುವನ್ನು ಅವನ ಕೈಗಿಟ್ಟರು. ಅವನು ಒಮ್ಮೆ ಮಡಚಿದ. ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ ಮಡಚಿದ. “ಅಬ್ಬಾ, ಚಿಕ್ಕೋನಿದ್ದಾಗ ಸ್ಕೂಲಿಂದ ಬಂದ್ರೆ ಮೊದಲು ಇದೇ ಸದ್ದು ಕೇಳಿಸ್ತಿತ್ತು,” ಎಂದವನು ಹೊರಗೆ ಹೋಗಿ ಗೂಡ್ಸ್ ಆಟೋ ಕರೆದು, ಡಬ್ಬಗಳನ್ನೆಲ್ಲ ತಾನೇ ಏರಿಸಿದ.

ಬಕ್ರೀದ್ ಕಳೆದು ಅಂಗಡಿಗೆ ಹೊಸ ಬಣ್ಣ ಬಂದಿದೆ. ಕುಲುಮೆ ಗುಜರಿಗೆ ಹೋಗಲಿಲ್ಲ. ನಸ್ರೀನ್ ಮಧ್ಯಾಹ್ನದವರೆಗೆ ಹಲ್ಲು ಮಾಡುತ್ತಾಳೆ, ಅನಂತರ ಚಾಕು. ಬಸವರಾಜನ ಭಾನುವಾರಗಳು ಅಲ್ಲಿಯೇ ಕಳೆಯುತ್ತವೆ. ಆ ಮೊದಲ ಚಾಕುವನ್ನು ಗೌಸ್ ಸಾಹೇಬರು ಯಾರಿಗೂ ಮಾರಗೊಡುವುದಿಲ್ಲ. ಬಾಗಿಲ ಬಳಿಯ ಬಿಸಿಲಲ್ಲಿ ಕೂತು ದಿನವಿಡೀ ಟಕ್, ಟಕ್ ಎನ್ನಿಸುತ್ತಾರೆ. ದಾರಿಹೋಕರು ತಿರುಗಿ ನೋಡುತ್ತಾರೆ. ತಿರುಗಿದವರನ್ನು “ಬನ್ನಿ, ಬನ್ನಿ, ಒಳಗೆ ಬನ್ನಿ” ಎಂದು ಕರೆಯುವುದು ನನ್ನ ಕೆಲಸ. ಚಹಾ ತರುವ ಹುದ್ದೆಯಿಂದ ನನಗೆ ಬಡ್ತಿಯಾಗಿದೆ.